ನಮ್ಮ ಅಂಗಳವನ್ನು ದಾಟಿಹೋದ ಪ್ರಾರ್ಥನೆ

ನನ್ನ ತಾಯಿ ಕ್ಷಯದ ಮಾತ್ರೆಗಳನ್ನು ನಡುವೆಯೇ ಬಿಟ್ಟದ್ದಕ್ಕೆ ನಮ್ಮ ಕ್ರೈಸ್ತ ಸಭೆಯ ಹಿರಿಯರೇ ಹೊಣೆ. ಬಿಡು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಿಜ. ಬಿಡುವಷ್ಟು ಅವಳನ್ನು ಹೆದರಿಸಿದರು.

ಡಿ. ಹಿರೇಹಾಳ್ ಕಡೆಯ ನಮ್ಮೂರಿನಲ್ಲಿ ಶುಕ್ರವಾರ ಸಂಜೆಯ ಪ್ರಾರ್ಥನೆ ಪಾಳಿಯಂತೆ ಮನೆಯಿಂದ ಮನೆಗೆ ಸಾಗುತ್ತದೆ. ಪಾಳಿ ಬಂದ ಮನೆಯವರು ಅಂಗಳ ಸಾರಿಸಿ, ಕಂಬಳಿ ಹಾಸಿ, ಕೊನೆಗೆ ಎಲ್ಲರಿಗೂ ಚಹಾ, ಮಂಡಕ್ಕಿ ಕೊಡುತ್ತಾರೆ. ತಂದೆ ತೀರಿಕೊಂಡ ಮೇಲೆ ನನ್ನ ತಾಯಿಗೆ ಬಂಧುಬಳಗವೆಂದರೆ ಆ ಕಂಬಳಿಯ ಮೇಲೆ ಕೂರುವವರೇ.

ಚಿಕಿತ್ಸೆ ಆರಂಭವಾಗಿ ಕೆಲವು ತಿಂಗಳ ನಂತರ ರಾಯದುರ್ಗದ ವೈದ್ಯರು ಕಫ ಪರೀಕ್ಷಿಸಿ, ಇನ್ನು ಯಾರಿಗೂ ಹರಡುವ ಭಯವಿಲ್ಲ, ಆದರೆ ಮಾತ್ರೆ ತಪ್ಪಿಸಕೂಡದು ಎಂದರು. ಮುಂದಿನ ಶುಕ್ರವಾರ ನಮ್ಮ ಪಾಳಿ. ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದ ನಾನೇ ಕಂಬಳಿ ಹಾಸಿದೆ. ಚಹಾ ಕುದಿಕುದಿದು ಕಪ್ಪಾಯಿತು; ಯಾರೂ ಬರಲಿಲ್ಲ. ಪಕ್ಕದ ಓಣಿಯಿಂದ ಹಾಡು ಕೇಳಿಸಿತು. ಹಾಡು ನಿಂತ ಮೇಲೆ, ಮೈಕಿನಲ್ಲಿ ನನ್ನ ತಾಯಿಯ ಹೆಸರು ಹಿಡಿದು, ಈ ಸಹೋದರಿಯನ್ನು ಗುಣಪಡಿಸು ಎಂದು ಬೇಡಿಕೊಂಡರು. ಖಾಲಿ ಕಂಬಳಿಯ ಅಂಚಿನಲ್ಲಿ ಕೂತು ಅವಳು ಆಮೆನ್ ಅಂದಳು.

ಮರುದಿನ ನಲ್ಲಿಯ ಬಳಿ ತಾಯಿ ಹಿರಿಯರೊಬ್ಬರ ಹೆಂಡತಿಯನ್ನು, ನಮ್ಮ ಮನೆಗೆ ಏಕೆ ಬರಲಿಲ್ಲವೆಂದು ಕೇಳಿಯೇಬಿಟ್ಟಳು.

"ಎಲ್ಲಾರ ಮನ್ಯಾಗೂ ನಿಮ್ಮ ಹೆಸ್ರು ಹಿಡ್ದೇ ಪ್ರಾರ್ಥನೆ ಮಾಡ್ತೀವಲ್ರಿ ಅಕ್ಕಾ. ಇನ್ನೇನು ಬೇಕ್ರಿ ನಿಮಗ?"

"ನನ್ನ ಮನ್ಯಾಗ ಮಾಡ್ರಿ."

ಆಕೆ ಕೊಡ ಎತ್ತಿಕೊಂಡಳು. "ಆ ಆಶಾ ಹುಡುಗಿ ಗುಳಿಗಿ ತಗಂಡು ನಿಮ್ಮನಿಗೆ ಬರೋದು ಮೊದ್ಲು ನಿಲ್ಲಲ್ರಿ. ಆಮ್ಯಾಲೆ ನೋಡಾಣ."

ನಾನು ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ತಾಯಿ ಆಶಾ ಕಾರ್ಯಕರ್ತೆಗೆ ಇನ್ನು ಬರಬೇಡ, ಮಾತ್ರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿದಳು. ಮುಂದಿನ ರಜೆಯಲ್ಲಿ ಬಂದಾಗ, ಬೀದಿಯಲ್ಲಿ ಯಾರಾದರೂ ಹಾದುಹೋದರೆ ಸಾಕು, ಅವಳು ಸೆರಗನ್ನು ಬಾಯಿಗೆ ತುರುಕಿ ಕೆಮ್ಮನ್ನು ಅದುಮುತ್ತಿದ್ದಳು. ಕಣ್ಣು ಕೆಂಪಾಗುತ್ತಿತ್ತು. ಮಾತ್ರೆ ಬಿಟ್ಟಿದ್ದೀಯಾ ಎಂದು ಗದರಿಸಿ ಕೇಳಿದೆ.

"ಗುಳಿಗಿ ಬಿಟ್ರ ಸಾಯ್ತೀನೋ ಏನೋ," ಅಂದಳು. "ಇವ್ರು ಬಿಟ್ರ, ಸತ್ತ ಮ್ಯಾಲೆ ನನ್ನ ಹೊರೋರು ಯಾರು?"

ಅಂದಿನಿಂದ ನನಗೂ ಆ ಭಯ ಅಂಟಿದೆ. ಮಾತ್ರೆ ಮತ್ತೆ ಶುರುವಾಗಿದೆ. ಹಳೆಯ ಮಾತ್ರೆಗೆ ರೋಗ ಬಗ್ಗದಿರಬಹುದು ಎಂದಿದ್ದಾರೆ ವೈದ್ಯರು. ಪರೀಕ್ಷೆಯ ಫಲಿತಾಂಶ ಬರಬೇಕು. ಅಲ್ಲಿಯವರೆಗೆ ತಾಯಿ ಎಲ್ಲರಿಂದ ದೂರ ಕೂರಬೇಕು. ಹಿರಿಯರೇ, ಹತ್ತಿರ ಕೂರಬಹುದಾಗಿದ್ದಾಗ ನೀವು ಬರಲಿಲ್ಲ. ಈಗ ದೂರ ಕೂರಲೇಬೇಕಾಗಿದೆ.

ಆದ್ದರಿಂದ ಪಾಸ್ಟರಯ್ಯನವರಲ್ಲಿ ಮತ್ತು ಹಿರಿಯರಲ್ಲಿ ನನ್ನ ವಿನಂತಿ. ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಆಜ್ಞೆಯನ್ನು ಪ್ರತಿ ಭಾನುವಾರ ಬೋಧಿಸುವ ನೀವು, ನಮ್ಮ ಪಾಳಿಯನ್ನು ತಪ್ಪಿಸಿದವರು ಯಾರು, ಏಕೆ ಎಂಬುದನ್ನು ಬರುವ ಭಾನುವಾರ ಸಭೆಯ ಎದುರು ತಿಳಿಸಬೇಕು. ಮುಂದಿನ ಶುಕ್ರವಾರದ ಪ್ರಾರ್ಥನೆಯನ್ನು ನಮ್ಮ ಅಂಗಳದಲ್ಲಿ ನಡೆಸಬೇಕು. ಕಂಬಳಿಯನ್ನು ಗಾಳಿಯಾಡುವಂತೆ ತೆರೆದ ಅಂಗಳದಲ್ಲಿಯೇ ಹಾಸುತ್ತೇನೆ. ತಾಯಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಬಳಿ ಕೂರುತ್ತಾಳೆ. ಅವಳಿಗೆ ಕಾಣುವಷ್ಟು ಹತ್ತಿರ ನೀವು ಬಂದು ಕೂರಬೇಕು. ಉತ್ತರವನ್ನು ಎದುರುನೋಡುತ್ತಿದ್ದೇನೆ.