ಕಾಂಪೌಂಡರೇ ಕೊಂದಿದ್ದು

ಮೊನ್ನೆ ಕಡೂರಿನ ಗಾಡಿಗಾಗಿ ಅಜ್ಜಂಪುರದ ಸ್ಟೇಷನ್ನಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪಕ್ಕದಿಂದ ಪಿಟೀಲಿನ ಕೀರಲು ಸದ್ದು ಬಂತು. ನನ್ನ ಹೆಂಡತಿ ವಿಶಾಲಾಕ್ಷಿ ಫೋನಿನಲ್ಲಿ ಏನೋ ನೋಡುತ್ತಿದ್ದಳು. ಇಣುಕಿದೆ, ಎದೆ ಧಸಕ್ಕೆಂದಿತು. ಕಪ್ಪುಬಿಳುಪಿನ ಆ ಹಳೆಯ ಕೊಲೆ ಸಿನಿಮಾ! ಇನ್ನು ಹತ್ತು ನಿಮಿಷದಲ್ಲಿ ಕೊಲೆಗಾರ ಯಾರೆಂದು ಗೊತ್ತಾಗಿಬಿಡುತ್ತದೆ.

ನನಗೇಕೆ ಹೆದರಿಕೆ ಎಂದು ಹೇಳುತ್ತೇನೆ, ನಗಬೇಡಿ. ಮದುವೆಯಾದ ಹೊಸತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನೂ ಹೆಂಡತಿಯನ್ನು ತರೀಕೆರೆಗೆ ಮ್ಯಾಟಿನಿಗೆ ಕರೆದೊಯ್ದೆ. ಇದೇ ಸಿನಿಮಾ, ಆಗಲೇ ಹಳೆಯದಾಗಿ ಎರಡನೇ ಸಲ ಬಂದಿತ್ತು. “ನಾನು ನೋಡಿದೀನಿ ಕಣೇ, ನಿನಗೋಸ್ಕರ ಬಂದೆ” ಎಂದು ಟಿಕೆಟ್ಟಿನ ಸಾಲಿನಲ್ಲೇ ಕೊಚ್ಚಿಕೊಂಡೆ. ನಾನು ನೋಡಿದ್ದು ಗೋಡೆಯ ಪೋಸ್ಟರನ್ನು ಮಾತ್ರ.

ನಮ್ಮೂರಿನವರಿಗೆ ಆಗ ಮ್ಯಾಟಿನಿಯ ಕೊನೆ ನೋಡುವ ಭಾಗ್ಯವೇ ಇರಲಿಲ್ಲ. ಊರಿಗೆ ಹೋಗುವ ಕೊನೆಯ ಬಸ್ಸು ಟಾಕೀಸಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಡ್ರೈವರ್ ಹಾರನ್ ಹೊಡೆದರೆ ಹೀರೊ ಸಾಯುತ್ತಿದ್ದರೂ ಬಿಟ್ಟು ಓಡಬೇಕು. ಅಂದು ಪತ್ತೇದಾರ ಎಲ್ಲರನ್ನೂ ಒಂದೆಡೆ ಸೇರಿಸಿ, ಕೊಲೆಗಾರ ನಿಮ್ಮಲ್ಲೇ ಇದ್ದಾನೆ ಎಂದ; ಹಾರನ್ ಆಯಿತು.

ಬಸ್ಸಿನಲ್ಲಿ ಸೀಟು ಹಿಡಿದ ಮೇಲೆ ವಿಶಾಲಾಕ್ಷಿ ಕೇಳಿದಳು, “ಯಾರ್ರೀ ಕೊಂದಿದ್ದು?”

“ಕಾಂಪೌಂಡರು ಕಣೇ. ಔಷಧಿ ಬಾಟ್ಲಿ ಅವನ ಕೈಲೇ ಇತ್ತಲ್ಲ, ನೋಡ್ಲಿಲ್ವಾ?”

ಅವಳು ಕಣ್ಣರಳಿಸಿದಳು. ಗಂಡನಾದವನಿಗೆ ಇನ್ನೇನು ಬೇಕು, ನೀವೇ ಹೇಳಿ. ಮೂವತ್ತು ವರ್ಷ ಅದೇ ಗತ್ತಿನಲ್ಲಿ ಸಂಸಾರ ಮಾಡಿದೆ.

ಈಗ ಆ ಗತ್ತು ಹೋಗುವ ಹೊತ್ತು. “ಕಾಫಿ ಕುಡಿಯೋಣ್ವಾ?” ಎಂದೆ.

“ಸುಮ್ನಿರ್ರೀ, ಮುಗೀತಾ ಬಂತು.”

ಮುಗಿಯಿತು. ಕೊಂದವನು ವಕೀಲ. ಕಾಂಪೌಂಡರು ಪಾಪ, ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ವಿಶಾಲಾಕ್ಷಿಯ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಾನು ಆವತ್ತು...” ಎಂದು ಶುರು ಮಾಡಿದೆ.

“ನಂಗೆ ಆವಾಗ್ಲೇ ಗೊತ್ತಾಯ್ತು ಬಿಡಿ. ಮುಂದಿನ ತಿಂಗ್ಳು ಕಡೂರಿಗೆ ಬಂದಿತ್ತಲ್ಲ, ಅಕ್ಕನ ಜೊತೆ ಹೋಗಿ ಪೂರ್ತಿ ನೋಡ್ಕೊಂಡು ಬಂದೆ.”

“ಮತ್ತೆ ಹೇಳ್ಲೇ ಇಲ್ಲ?”

“ಹೇಳಿ ಏನ್ಮಾಡೋದು? ಅವತ್ತಿಂದ ನೀವು ಏನ್ ಹೇಳಿದ್ರೂ ಇನ್ನೊಬ್ರನ್ನ ಒಂದ್ಮಾತು ಕೇಳಿ ಆಮೇಲೆ ನಂಬ್ತೀನಿ.”

ಸಿಟ್ಟಿಲ್ಲದೆ, ಸಾರಿಗೆ ಉಪ್ಪು ಸಾಲದು ಎಂದಷ್ಟೇ ಸಲೀಸಾಗಿ ಹೇಳಿದಳು. ನನಗೆ ಒಂದೊಂದೇ ನೆನಪಾಯಿತು. ಸೈಟಿನ ಖಾತೆ ಆಗಿದೆ ಎಂದು ನಾನು ಹೇಳಿದಾಗ ತಾನೇ ಕಚೇರಿಗೆ ಹೋಗಿ ನೋಡಿ ಬಂದಿದ್ದಳು. ಮಗಳಿಗೆ ಬಂದ ಗಂಡಿನ ಬಗ್ಗೆ “ಎಲ್ಲಾ ವಿಚಾರಿಸಿದೀನಿ, ಒಳ್ಳೇ ಮನೆ” ಎಂದರೂ ಬಸ್ಸು ಹತ್ತಿ ಚೌಳಹಿರಿಯೂರಿನ ತನಕ ಹೋಗಿದ್ದಳು. ಅದೆಲ್ಲ ಅವಳ ಅನುಮಾನದ ಸ್ವಭಾವ ಎಂದು ನೆಂಟರ ಮುಂದೆ ಹಾಸ್ಯ ಮಾಡಿದವನು ನಾನೇ. ವಿಚಾರಿಸಿದೀನಿ ಎಂದಿದ್ದೆನಲ್ಲ, ಆಗಲೂ ನಾನು ಯಾರನ್ನೂ ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

“ಗಾಡಿ ಎಷ್ಟೊತ್ತಿಗಂತ್ರೀ?” ಎಂದಳು.

ಐದೂಕಾಲು ಎಂಬ ಅಂದಾಜಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಗೊತ್ತಿಲ್ಲ ಕಣೇ.”

ಸಿನಿಮಾ ಮುಗಿದಾಗ ಬಾರದ ಆಶ್ಚರ್ಯ ಅವಳ ಮುಖದಲ್ಲಿ ಆಗ ಬಂತು.