ಪಿಕಪ್ಪು, ಜೀಪು ಮತ್ತು ಬಾಳವ್ವ ಅತ್ತೆಯ ಸ್ಟೂಲು

ಪಿಕಪ್ಪಿಗೆ ಕೊಟ್ಟದ್ದು ಅರವತ್ತೆರಡು ಸಾವಿರ, ಸ್ಟೂಲಿಗೆ ಹದಿನೆಂಟು ರೂಪಾಯಿ. ಪಿಕಪ್ಪು ಹಳೆಯದು, ಸ್ಟೂಲು ಹೊಸದು. ಗಾಡಿಯವನು ಎಪ್ಪತ್ತು ಹೇಳಿದ್ದ, ಎಂಟು ಸಾವಿರ ಇಳಿಸಿದೆ. ಬಡಿಗ ಇಪ್ಪತ್ತೈದು ಹೇಳಿದ್ದ, ಏಳು ರೂಪಾಯಿ ಇಳಿಸಿದೆ. ಎರಡರಲ್ಲಿ ನನಗೆ ತುಟ್ಟಿಯಾಗಿ ಬಿದ್ದದ್ದು ಸ್ಟೂಲು. ಹೇಗೆಂದು ಹೇಳುತ್ತೇನೆ, ನಿಮಗೂ ಗಾಡಿ ಕೊಳ್ಳುವ ವಿಚಾರವಿದ್ದರೆ ಉಪಯೋಗಕ್ಕೆ ಬಂದೀತು.

ಮೊನ್ನೆ ಪಕ್ಕದ ತೋಟದ ಮಹಾಂತೇಶ ಬಂದಿದ್ದ. ಈ ಸಲ ದ್ರಾಕ್ಷಿ ಅವನ ಕೈ ಹಿಡಿದಿದೆ. ಪಡಸಾಲೆಯಲ್ಲಿ ಅದೇ ಸ್ಟೂಲನ್ನು ಎಳೆದುಕೊಂಡು ಕೂತು, ಮೊಬೈಲಿನಲ್ಲಿ ಎರಡು ಗಾಡಿ ತೋರಿಸಿದ. "ಕಾಕಾ, ದಿನಾ ಓಡಾಡಾಕ ಯಾವ್ದು ಛಲೋ? ಪಿಕಪ್ ತಗೊಳ್ಳಲ್ಯೋ, ಎಸ್‌ಯುವಿ ತಗೊಳ್ಳಲ್ಯೋ?" ನನ್ನನ್ನು ಇಂಥದ್ದು ಕೇಳಬಾರದು. ಒಂದು ಕೇಳಿದವರಿಗೆ ನಾಲ್ಕು ಹೇಳಿ ಕಳಿಸುವ ಚಟ ನನ್ನದು. ಲೋಡು, ಎವರೇಜು, ಟಾಯರು, ನಾಳೆ ಮಾರಿದರೆ ಎಷ್ಟು ಬಂದೀತು ಎಂದು ಶುರು ಹಚ್ಚಿದ್ದೆ. ಅವನು ಒಮ್ಮೆ ಮಗ್ಗುಲು ಬದಲಿಸಿದ, ಸ್ಟೂಲು ಕಿರ್ರೆಂದಿತು. ಅದರ ಒಂದು ಕಾಲನ್ನು ಆಡುಗಳು ಕಡಿದ ಗುರುತು ಇನ್ನೂ ಹಾಗೇ ಇದೆ. ಅದನ್ನು ನೋಡಿ ನನಗೆ ಅತ್ತೆ ನೆನಪಾದಳು.

ಬಾಳವ್ವ ನನ್ನ ತಂದೆಯ ತಂಗಿ, ಐಗಳಿಯವಳು. ಗಂಡ ಬೇಗ ತೀರಿಕೊಂಡ ಮೇಲೆ ಆಡು ಕಟ್ಟಿಕೊಂಡೇ ಬದುಕಿದವಳು. ನಾನಾಗ ಐನಾಪುರದಲ್ಲಿದ್ದು, ಅಥಣಿ, ರಾಯಬಾಗ ಕಡೆಯ ಸಂತೆಗಳಲ್ಲಿ ಆಡು ಹಿಡಿದು ಮಿರಜಿನ ವ್ಯಾಪಾರಿಗಳಿಗೆ ಕೊಡುತ್ತಿದ್ದೆ. ಯಾರ ಕೈ ಕೆಳಗೂ ಕಲಿಯದೆ ಮೇಲೆ ಬಂದವನು ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಈಗ ನಿಮ್ಮ ಮುಂದೆ ಸುಳ್ಳು ಯಾಕೆ? ಕಲಿಸಿದವಳು ಅತ್ತೆ. ಆಡಿನ ಬೆನ್ನ ಮೇಲೆ ಅಂಗೈ ಇಟ್ಟು ತೂಕ ಹೇಳುತ್ತಿದ್ದಳು. ವಾರವಾರ ನನ್ನ ಜೊತೆ ಸಂತೆಗೆ ಬರುತ್ತಿದ್ದಳು. ನಾನು ಚಹಾ, ಒಂದು ತಾಟು ಭಜಿ ಕೊಡಿಸಿ, ಭಾರೀ ಧಾರಾಳಿ ಎಂದು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದೆ.

ಅವಳ ಮೊದಲನೆಯ ಪಾಠ ಇದು: "ಬೇಕಾದ ಆಡಿನ ಮ್ಯಾಲೆ ಕಣ್ಣ ಇಡಬ್ಯಾಡ. ಬ್ಯಾಡಾದ್ದನ್ನ ನೋಡಕೋತ ನಿಂದ್ರು. ಆಶಾ ತೋರಿಸಿದ್ಯೋ, ರೇಟ್ ಏರಿತು." ಅವಳನ್ನು ನೋಡಿದರೆ ಯಾವ ಆಡು ಬೇಕಾಗಿದೆ ಎಂದು ದಲ್ಲಾಳಿಗೆ ಮಾತ್ರವಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಹಾಗಿತ್ತು ಮುಖ.

ತೊಂಬತ್ತರ ಆಸುಪಾಸಿನಲ್ಲಿ ಬಾಡಿಗೆ ಟೆಂಪೋ ಸಾಕಾಗಿ, ಸ್ವಂತದ್ದೊಂದು ಹಳೆಯ ಗಾಡಿ ಕೊಳ್ಳೋಣವೆಂದು ಮಿರಜಿಗೆ ಹೋದೆ. ಅತ್ತೆಯೂ ಬಂದಳು. ಒಬ್ಬನೇ ವ್ಯಾಪಾರಿಯ ಅಂಗಳದಲ್ಲಿ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದವು. ಒಂದು ಪಿಕಪ್ಪು, ಹಿಂದೆಲ್ಲ ಬಯಲು. ಇನ್ನೊಂದು ಜೀಪು, ಮೇಲೆ ತಗಡು, ಹಿಂದೆ ಎದುರುಬದುರು ಸೀಟು, ಬಾಗಿಲು, ಸರಿಸುವ ಗಾಜು. ನಾನು ಪಿಕಪ್ಪಿನ ಕೆಳಗೆ ತೂರಿ ಸ್ಪ್ರಿಂಗಿನ ಪಾಟಾ ನೋಡಿ ಹೊರಬರುವಷ್ಟರಲ್ಲಿ ಅತ್ತೆ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಾಗಿಲು ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಗಾಜು ಸರಿಸಿ ಮೊಣಕೈ ಹೊರಗಿಟ್ಟಳು.

"ಅತ್ತಿ, ಇಳೀ. ಹೊತ್ತಾತು."

"ತಡಿಯೋ. ಗಾಳಿ ಭಾಳ ಛಲೋ ಬರ್ತೈತಿ."

"ನಿಂತ ಗಾಡ್ಯಾಗ ಎಲ್ಲೀ ಗಾಳಿಬೇ?"

"ನಿನಗ ಹತ್ತೂದಿಲ್ಲ ಬಿಡು."

ಎರಡು ಸಲ ಕರೆದ ಮೇಲೆ ಇಳಿದಳು. ಇಳಿದವಳು ಜೀಪಿನ ಬಾನೆಟ್ಟಿನ ಮೇಲೆ, ಆಡಿನ ಬೆನ್ನ ಮೇಲೆ ಇಡುವಂತೆ, ಅಂಗೈ ಇಟ್ಟಳು. "ಇದನ್ನ ತಗೋ," ಎಂದಳು.

"ಆಡ ಎಲ್ಲಿ ಕುಂದ್ರಸ್ಲಿ? ಸೀಟಿನ ಮ್ಯಾಲ?"

"ಆಡ ಬಾಡಿಗಿ ಟೆಂಪೋದಾಗ ಹಿಂದಿಂದ ಬರ್ತಾವ. ನಾ ಬುದ್ಧಿ ಬಂದಾಗಿಂದ ಆಡಿನ ಜೋಡೀನ ಹೊಂಟೀನಿ. ಚಕ್ಕಡ್ಯಾಗ ಆಡು, ಟ್ರ್ಯಾಲ್ಯಾಗ ಆಡು, ಟೆಂಪೋದಾಗ ಆಡು. ಇನ್ನರೆ ಬಾಗಲಾ ಹಾಕ್ಕೊಂಡು ಮನಷ್ಯಾರಂಗ ಕುಂತು ಹೋಗ್ತೀನಿ."

ನಾನು ನಕ್ಕೆ. ಗಾಡಿಯ ವ್ಯಾಪಾರಿ ನಕ್ಕ. ಅತ್ತೆಯೂ ನಕ್ಕಳು, ಹಾಗಾಗಿ ಚೇಷ್ಟೆ ಎಂದುಕೊಂಡೆ. ಬೇಕಾದದ್ದರ ಮೇಲೆ ಕಣ್ಣಿಡಬೇಡ ಎಂದವಳು ನಡು ಅಂಗಳದಲ್ಲಿ ತನ್ನ ಪಾಠವನ್ನು ತಾನೇ ಮುರಿದಿದ್ದಳು. ಅಷ್ಟು ವರ್ಷ ಅವಳ ಶಿಷ್ಯನಾಗಿದ್ದವನಿಗೆ ಅದು ತಿಳಿಯಬೇಕಿತ್ತು.

ನಮ್ಮ ಕಡೆ ದನದ ಸಂತೆಯಲ್ಲಿ ಬಾಯಿಂದ ರೇಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ಲು ಹಾಕಿ, ಒಳಗೆ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಎಷ್ಟು ಬೆರಳು ಒತ್ತಿದರೋ ಅಷ್ಟು ಸಾವಿರ ಅಥವಾ ಅಷ್ಟು ನೂರು. ಸುತ್ತ ನಿಂತವರಿಗೆ ಸುಳಿವು ಹತ್ತುವುದಿಲ್ಲ. ಕೈ ಹೊರಗೆಳೆದರೆ ವ್ಯವಹಾರ ಬೇಡ ಎಂದರ್ಥ, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಾಡಿಯವನೂ ಹಿಂದೆ ಎಮ್ಮೆಯ ದಲ್ಲಾಳಿಯಾಗಿದ್ದವನು, ಟವೆಲ್ಲು ಹಾಸಿದ. ಪಿಕಪ್ಪು ಅರವತ್ತೆರಡಕ್ಕೆ ಬಂತು. ಜೀಪನ್ನು ಅರವತ್ತಾರಕ್ಕಿಂತ ಕೆಳಗೆ ಇಳಿಸುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಇನ್ನೇನು ಮುಗಿಯಿತು ಎನ್ನುವಾಗ ಟವೆಲ್ಲಿನೊಳಗೆ ಮೂರನೆಯದೊಂದು ಕೈ ಬಂತು.

ಹೆಣ್ಣುಮಕ್ಕಳ ಕೈ ಅಲ್ಲಿ ಬರುವ ರೂಢಿಯಿಲ್ಲ. ಸೊಪ್ಪು ಕಡಿದು ಕಡಿದು ದಡ್ಡುಗಟ್ಟಿದ ಕೈ. ನನ್ನ ನಾಲ್ಕು ಬೆರಳು ಒಟ್ಟಿಗೆ ಹಿಡಿದು ಒತ್ತಿತು. ಜೀಪಿಗೆ ಹೆಚ್ಚು ಬೀಳುವ ಆ ನಾಲ್ಕು ಸಾವಿರ ತಾನು ಹಾಕುತ್ತೇನೆ ಎಂದು. ಹಿಂದಿನ ವಾರ ಅವಳು ತನ್ನ ಹೋತಗಳನ್ನು ಮಾರಿದ್ದು ನನಗೆ ಗೊತ್ತಿತ್ತು. ಆ ಒತ್ತು ನನಗೆ ಪೂರ್ತಿ ತಿಳಿಯಿತು.

ನಾನು ಕೈ ಎಳೆದುಕೊಂಡೆ.

"ಕಾಯ್ ಮಾವಶಿ, ಸೌದಾ ತುಮ್ಹೀಚ್ ಕರ್ತಾ ಕಾ?" ವ್ಯವಹಾರ ನೀವೇ ಮಾಡುತ್ತೀರೇನವ್ವ ಎಂದು ಗಾಡಿಯವನು ಮರಾಠಿಯಲ್ಲಿ ಕೇಳಿ ನಕ್ಕ.

"ಇಲ್ಲಪಾ," ಎಂದಳು ಅತ್ತೆ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನಮ್ಮ ಅಳ್ಯಾ ನನಕಿಂತ ಶ್ಯಾಣ್ಯಾ ಆಗ್ಯಾನ."

ನಾನದನ್ನು ಹೊಗಳಿಕೆ ಎಂದು ತೆಗೆದುಕೊಂಡೆ ನೋಡಿ!

ಬರುವಾಗ ಕಾಗವಾಡದಲ್ಲಿ ನಿಲ್ಲಿಸಿ ಬಡಿಗನ ಹತ್ತಿರ ಸ್ಟೂಲು ಕೊಂಡೆ. ಪಿಕಪ್ಪಿನ ಹಿಂಬದಿ ಎತ್ತರ. ಅತ್ತೆ ಹತ್ತಿ ಇಳಿಯಲು ಅನುಕೂಲವಾಗಲಿ ಎಂದು. ನನ್ನ ಪಕ್ಕ ಇದ್ದದ್ದು ಒಂದೇ ಸೀಟು. ಸಂತೆಯ ದಿನ ಅದರಲ್ಲಿ, ಅಥಣಿಯಿಂದ ಮಿರಜಿನವರೆಗೆ, ನನ್ನಿಂದ ಆಡು ಕೊಳ್ಳುವ ಸಾವುಕಾರ ಕೂರುತ್ತಿದ್ದ, ಅರ್ಧ ಡಿಸೇಲು ಅವನದು. ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟು, ಹಿಂದೆ ಹತ್ತಿ, ಅದೇ ಸ್ಟೂಲನ್ನು ಮೇಲೆಳೆದುಕೊಂಡು ಆಡುಗಳ ನಡುವೆ ಕೂರುತ್ತಿದ್ದಳು. ಹದಿನೆಂಟು ರೂಪಾಯಿಯಲ್ಲಿ ಎಲ್ಲರ ತೊಂದರೆಯೂ ಮುಗಿಯಿತು ಎಂದು ನಾನು ಹಾಡು ಗುನುಗುತ್ತ ಗಾಡಿ ಹೊಡೆದೆ.

ನಾಲ್ಕು ತಿಂಗಳಾದ ಮೇಲೆ ಅತ್ತೆ ಬರುವುದನ್ನು ಬಿಟ್ಟಳು. "ಮಂಡಿ ನೋಯ್ತಾವೋ, ಹತ್ತಾಕ ಆಗೂದಿಲ್ಲ," ಎಂದಳು. ನಾನು ಮಿರಜಿನಿಂದ ನೋವಿನ ಎಣ್ಣೆ ತಂದುಕೊಟ್ಟೆ. ಅವಳಿಲ್ಲದ ಸಂತೆಯಲ್ಲಿ ನನ್ನ ಅಂಗೈಗೆ ಎಲ್ಲ ಆಡೂ ಒಂದೇ ತೂಕ. ಕಾಯಿಲೆಯ ಆಡನ್ನೂ ಹಿಡಿದೆ. ಆದರೂ ಅವಳಿಗೆ ವಯಸ್ಸಾಯಿತು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಒಂದು ದಿನ ಅಥಣಿ ಬಸ್ ಸ್ಟ್ಯಾಂಡಿನ ಹತ್ತಿರ ಸಾವುಕಾರನಿಗಾಗಿ ಕಾಯುತ್ತ ಪಿಕಪ್ಪಿನಲ್ಲಿ ಕೂತಿದ್ದೆ. ಎದುರಿಗೆ ಐಗಳಿಯ ಬಸ್ಸು. ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ಅತ್ತೆ ಬಂದಳು. ಬಸ್ಸಿನ ಮೆಟ್ಟಿಲು ಪಿಕಪ್ಪಿಗಿಂತ ಕಡಿಮೆಯೇನಲ್ಲ. ಟಕಟಕ ಹತ್ತಿ ಹೋದಳು. ಒಳಗಿನಿಂದ ಅವಳ ದನಿ ಕೇಳಿಸಿತು: "ಏ ತಂಗೀ, ಆ ಕಡೆ ಸರೀ. ಕಿಡಕಿ ನನಗ ಬೇಕು. ಟಿಕೀಟ ತಗದೀನಿ ನಾನೂ."

ಕಿಟಕಿಯಲ್ಲಿ ಮೊಣಕೈ ಕಾಣಿಸಿತು. ಬಸ್ಸು ಹೋಯಿತು.

ಮುಂದಿನ ವಾರ ಐಗಳಿಗೆ ಹೋಗಿ ಅವಳ ಮನೆಯ ಮುಂದೆ ನಿಲ್ಲಿಸಿ, ನನ್ನ ಪಕ್ಕದ ಬಾಗಿಲು ತೆಗೆದು ನಿಂತೆ. ಅತ್ತೆ ಮರಿಗಳಿಗೆ ನೀರು ಇಡುತ್ತಿದ್ದಳು.

"ಹತ್ತ್ ಅತ್ತಿ."

"ಮಂಡಿ ನೋಯ್ತಾವ ಅಂದೀನಲ್ಲೋ."

"ನೀ ಬಸ್ ಹತ್ತೂದ ನೋಡೀನಿ."

ಅವಳು ತಲೆ ಎತ್ತಲಿಲ್ಲ. ನೀರು ಸುರಿದು ಮುಗಿಸಿದಳು. "ಸಾವುಕಾರ?"

"ಅಂವಾ ಇನ್ ಮ್ಯಾಲೆ ಹಿಂದ."

"ಹತ್ತತಾನೇನ ಪಾಪ, ಅಷ್ಟ ಎತ್ತರ?" ಎಂದು ನನ್ನನ್ನೇ ದಿಟ್ಟಿಸಿದಳು. "ಸ್ಟೂಲ್ ಕೊಡು ಅಂವಗ. ರೊಕ್ಕಾ ಕೊಟ್ಟ ತಂದೀದಿ."

ಸಾವುಕಾರ ಕಾಗವಾಡದವರೆಗೆ ಒಂದೇ ಸಲ ಹಿಂದೆ ಕೂತು ಬಂದ, ಆಮೇಲೆ ಬೇರೆ ಗಾಡಿ ಹಿಡಿದ. ಪೂರ್ತಿ ಡಿಸೇಲು ನನ್ನ ತಲೆಗೆ ಬಂತು. ಆದರೆ ಅತ್ತೆ ಪಕ್ಕದಲ್ಲಿ ಕೂತ ಆ ಆರು ವರ್ಷ! ಹತ್ತಿದ ಕೂಡಲೇ ಬಾಗಿಲನ್ನು ಎರಡು ಸಲ ಹಾಕುವಳು. ಯಾಕೆ ಎಂದರೆ, "ಒಂದು ಹಾಕಾಕ, ಒಂದು ಸಪ್ಪಳ ಕೇಳಾಕ." ಕಾಗವಾಡದಾಚೆ ದ್ರಾಕ್ಷಿ ತೋಟಗಳು ಬಂದಾಗ ಮೊಣಕೈ ಹೊರಗಿಟ್ಟು ಸುಮ್ಮನಾಗುವಳು. ಜಗಳಗಂಟಿ ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಬೇರೆಲ್ಲೂ ಕಾಣೆ. ಒಮ್ಮೆ, ಏನನ್ನೂ ಕೇಳದೆ, "ಈಗ ಬಂತ ನೋಡು ಗಾಳಿ," ಎಂದಳು.

ನಾನು ಜೀಪು ಕೊಳ್ಳುವ ಹೊತ್ತಿಗೆ ಅವಳಿರಲಿಲ್ಲ. ಆಮೇಲೆ ಇನ್ನೂ ದೊಡ್ಡ ಗಾಡಿಗಳು ಬಂದವು. ಈಗಿನದರಲ್ಲಿ ಏಳು ಸೀಟು, ಓಡಾಡುವವನು ನಾನೊಬ್ಬ. ಪಕ್ಕದ ಸೀಟಿನಿಂದ ಚೀಲ ತೆಗೆದುಕೊಳ್ಳುವಾಗ ಆ ಬಾಗಿಲನ್ನು ಎರಡು ಸಲ ಹಾಕುತ್ತೇನೆ. ನೋಡಿದವರು ಬಾಗಿಲು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆ ನಾಲ್ಕು ತಿಂಗಳನ್ನೂ, ಅವಳು ಬಾರದ ಸಂತೆಗಳನ್ನೂ ನೆನೆದರೆ ಸ್ಟೂಲಿಗೆ ಎಷ್ಟು ಕೊಟ್ಟೆ ಎಂಬುದು ಇನ್ನೂ ಬಗೆಹರಿಯುವುದಿಲ್ಲ.

ಮಹಾಂತೇಶನಿಗೆ ಎವರೇಜಿನ ಮಾತು ಅಲ್ಲಿಗೇ ಬಿಟ್ಟು ಹೇಳಿದೆ: "ನಾಳೆ ಹೋಗೂಮುಂದ ನಿಮ್ಮವ್ವನ್ನ ಕರಕೊಂಡ ಹೋಗು."

"ಅವ್ವಗ ಗಾಡ್ಯಾಂದ ಏನ್ ತಿಳೀತೈತ್ರಿ ಕಾಕಾ?"

"ಏನೂ ಕೇಳಬ್ಯಾಡ. ಎರಡರಾಗೂ ಕುಂದ್ರಸು, ಸಾಕು."

ನಿಮಗೂ ಅಷ್ಟೇ ಹೇಳುವುದು. ವಾರದಲ್ಲಿ ನಾಲ್ಕು ದಿನ ಮಾಲು ಹೇರುವವರಾದರೆ ಪಿಕಪ್ಪು ತಗೊಳ್ಳಿ, ನಾಚಿಕೆ ಬೇಡ. ಆದರೆ ಪಕ್ಕದ ಸೀಟನ್ನು ಅರ್ಧ ಡಿಸೇಲಿಗೆ ಮಾರಬೇಡಿ. ಎಂದೋ ಒಮ್ಮೆ ಹೇರುವ ಮಾಲಿಗಾಗಿ ವರ್ಷವೆಲ್ಲ ಮನೆಯವರನ್ನು ಬಿಸಿಲಲ್ಲಿ ಕೂರಿಸಬೇಡಿ, ಅದಕ್ಕೆ ಬಾಡಿಗೆ ಟೆಂಪೋ ಸಿಗುತ್ತದೆ. ಟಾಯರು, ಕಾಗದಪತ್ರ ಆಮೇಲೆ ನೋಡಿ. ಮೊದಲು ಮನೆಯವರನ್ನು ಗಾಡಿಯೊಳಗೆ ಕೂರಿಸಿ, ನೀವು ದೂರ ನಿಂತು ಚಹಾ ಕುಡಿಯಿರಿ. ಆಮೇಲೆ ಕರೆಯಿರಿ. ಒಂದೇ ಕರೆಗೆ ಇಳಿದು ಬಂದರೆ ಆ ಗಾಡಿ ಬಿಡಿ. ಎರಡು ಸಲ ಕರೆದರೂ ಯಾವುದರಿಂದ ಇಳಿಯುವುದಿಲ್ಲವೋ ಅದನ್ನು ಕೊಳ್ಳಿ; ನಾಲ್ಕು ಸಾವಿರ ಹೆಚ್ಚಾದರೂ ಸರಿ.