ಎಡಗಡೆಯ ಗಿಟಾರು
ತಿಪಟೂರಿನಲ್ಲಿ ಕ್ಯಾಸೆಟ್ ಮಾಡಿಸಬೇಕೆಂದರೆ, ಕೊಬ್ಬರಿ ಅಟ್ಟವನ್ನೇ ಸ್ಟುಡಿಯೋ ಮಾಡಿಕೊಂಡಿರುವ ರೇಣುಕಪ್ಪನವರ ಏಣಿ ಹತ್ತಬೇಕು. ಒಳಗೆ ಕೊಬ್ಬರಿ ಒಣಗಿದೆಯೇ ಎಂದು ಕಾಯಿಯನ್ನು ಬಲಗಿವಿಯ ಬಳಿ ಅಲ್ಲಾಡಿಸಿ ಕೇಳುವ ಇವರು, ಗಿಟಾರನ್ನೂ ಹಾಗೇ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ಕೇಳುತ್ತಾರೆ. "ಇನ್ನೂ ಎಳಸು ಕಣಪ್ಪ, ಒಣಗ್ಬೇಕು" ಎಂದು ಗುಂಡಿ ತಿರುವಿದರೆ ಸೊಳ್ಳೆಯಂತಿದ್ದ ನನ್ನ ಗಿಟಾರು ಗೂಳಿಯಾಗುತ್ತದೆ. ಎಕೋ ಬೆರೆಸಿದರೆ ಕಿಬ್ಬನಹಳ್ಳಿಗೆ ಹೋಗಿ ವಾಪಸ್ಸು ಬಂದಂತೆ ಮೊಳಗುತ್ತದೆ. ಅವರ ಕ್ಯಾಸೆಟ್ಟುಗಳಲ್ಲಿ ಎಡಗಡೆಯ ಸ್ಪೀಕರಿನಲ್ಲಿ ಬರುವ ಗಿಟಾರು ಮಾತ್ರ ಯಾವಾಗಲೂ ಬಲಗಡೆಯದನ್ನು ನುಂಗುವಷ್ಟು ಜೋರು. ಅದೇ ಅವರ ಕೈಗುಣವೆಂದು ನಂಬಿ, ಮೂರು ತಾಲ್ಲೂಕಿನ ಆರ್ಕೆಸ್ಟ್ರಾದವರೆಲ್ಲ ನಾವೂ ಎಡಗಡೆಯ ಸ್ಪೀಕರನ್ನೇ ಜೋರು ಮಾಡಿಕೊಂಡೆವು. ಮೊನ್ನೆ ಮೊದಲ ಸಲ ಅವರ ಹೆಡ್‌ಫೋನನ್ನು ನಾನು ಹಾಕಿಕೊಂಡು ಬೆಚ್ಚಿಬಿದ್ದೆ. ಎಡಗಡೆ ಸದ್ದೇ ಇಲ್ಲ! ಹೆಡ್‌ಫೋನಿನ ಆ ಕಡೆಯ ತಂತಿ ತುಂಡಾಗಿ ತುದಿಗೆ ಕಿಲುಬು ಹಿಡಿದಿದೆ. "ಅಣ್ಣಾ, ಎಡಗಡೇದು ಕೆಟ್ಟೋಗದಲ್ಲ, ಯಾವಾಗಿಂದ?" ಎಂದು ಅವರ ಎಡಕ್ಕೆ ನಿಂತು ಎರಡು ಸಲ ಕೂಗಿದೆ. ಅವರು ಗುಂಡಿ ತಿರುವುತ್ತಲೇ ಇದ್ದರು. ಬಲಕ್ಕೆ ಬಂದು ಮೆಲ್ಲಗೆ ಕೇಳಿದೆ. ರೇಣುಕಪ್ಪ ತಂತಿಯನ್ನು ನೋಡಿ, ಎಡಗಿವಿ ಮುಟ್ಟಿಕೊಂಡರು: "ಇದು ಹೋಗಿ ಎಂಟೊರ್ಸ ಆಯ್ತು ಕಣಪ್ಪ. ತಂತಿ ಯಾವತ್ತು ಹೋಯ್ತೋ, ನನಗೆಂಗೆ ಗೊತ್ತಾಗ್ಬೇಕು?"